ನಡುವಿನ ಕಿಂಡಿ ಯಾರದ್ದು?

ಆಗ ನನಗೆ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ಆ ವರ್ಷ ನೀರಿನ ವಿಷಯದಲ್ಲಿ ಸರಕಾರ ನನಗೆ ಕಲಿಸಿದ ವಿದ್ಯೆ ಯಾವ ಕಾಲೇಜಿನಲ್ಲೂ ಸಿಗಲಿಕ್ಕಿಲ್ಲ. ನೀರು ಎಲ್ಲ ಒಂದೇ ಎಂದು ತಿಳಿದಿದ್ದೆ. ಅಲ್ಲವಂತೆ. ತೋಡಿನಲ್ಲಿ ಹರಿಯುವಾಗ ಒಬ್ಬರದ್ದು, ಬಾವಿಗೆ ಇಳಿದರೆ ಇನ್ನೊಬ್ಬರದ್ದು, ನಳ್ಳಿಯಲ್ಲಿ ಬಂದರೆ ಮತ್ತೊಬ್ಬರದ್ದು. ಬಾರದಿದ್ದರೆ ಮಾತ್ರ ಯಾರದ್ದೂ ಅಲ್ಲ.

ನಮ್ಮ ಮನೆ ಇನ್ನಂಜೆಯಿಂದ ಕೆಳಗೆ, ಸಮುದ್ರಕ್ಕೆ ಹರಿದು ಹೋಗುವ ತೋಡಿನ ಬದಿಯಲ್ಲಿ. ಅಂಗಳದ ತುಂಬ ಮಲ್ಲಿಗೆ ಗಿಡ. ಗಂಡ ಸತ್ತ ಮೇಲೆ ನನ್ನ ಅನ್ನ ಬಂದದ್ದು ಅದರಿಂದಲೇ. ಮಳೆ ನಿಂತು ತೋಡು ಸಣ್ಣದಾದರೆ ಉಬ್ಬರದ ಹೊತ್ತಿಗೆ ಸಮುದ್ರದ ಉಪ್ಪು ನೀರು ಮೇಲೆ ಏರಿ ಬರುತ್ತದೆ, ಬಾವಿಗೂ ಇಳಿಯುತ್ತದೆ. ಮಲ್ಲಿಗೆಗೆ ಉಪ್ಪೆಂದರೆ ವಿಷ. ಹಿಂದೆಲ್ಲ ದೀಪಾವಳಿ ಕಳೆದ ಮೇಲೆ ಎರಡೂ ದಡದ ಮನೆಯವರು ಸೇರಿ, ಮಣ್ಣು ಸೊಪ್ಪು ಹಾಕಿ ತೋಡಿಗೆ ಕಟ್ಟ ಕಟ್ಟುತ್ತಿದ್ದೆವು. ಜಗಳ ಮಾಡಿಕೊಂಡೇ ಕಟ್ಟುತ್ತಿದ್ದೆವು, ಅದು ಬೇರೆ. ಆಮೇಲೆ ಸರಕಾರ ಸಿಮೆಂಟಿನ ಕಿಂಡಿ ಅಣೆಕಟ್ಟು ಕಟ್ಟಿಸಿತು. ಮಳೆ ಹೋದ ಮೇಲೆ ಐದು ಕಿಂಡಿಗೆ ಹಲಗೆ ಇಳಿಸಿದರೆ ಮುಗಿಯಿತು. ನಾವು ಬುಟ್ಟಿ, ಹಾರೆ ಮೂಲೆಗಿಟ್ಟು ಹಾಯಾಗಿ ಕೂತೆವು.

ಆ ವರ್ಷ ಹಲಗೆ ಬರಲೇ ಇಲ್ಲ. ಮಲ್ಲಿಗೆಯ ಎಲೆಗಳ ತುದಿ ಸುಡಲು ಶುರುವಾಯಿತು. ಕಾಪುವಿನಲ್ಲಿ ಒಂದು ಕಚೇರಿಗೆ ಹೋದೆ. "ಕಟ್ಟ ನಮ್ಮದೇ ಅಮ್ಮ. ಹಲಗೆ ಉಡುಪಿಯವರದ್ದು" ಎಂದರು. ಉಡುಪಿಯಲ್ಲಿ, "ಹಲಗೆ ಉಂಟು. ಹಾಕಿಸುವುದು ಮಾತ್ರ ನಿಮ್ಮ ಊರಿನವರು" ಎಂದರು. ಬಸ್ಸು ಹತ್ತಿ ಊರಿನ ಕಚೇರಿಗೆ ಬಂದರೆ, ಅಲ್ಲಿದ್ದ ಗುಮಾಸ್ತ, "ಹಾಕಿಸಬಹುದು. ಮೇಲಿನಿಂದ ಅಪ್ಪಣೆ ಬರಬೇಕಲ್ವಾ?" ಎಂದ.

"ಮೇಲಿನಿಂದ ಎಂತದ್ದು ಮಾರಾಯ? ಕೆಳಗಿನಿಂದ ಉಪ್ಪು ನೀರು ಬರ್ತಾ ಉಂಟು!" ಎಂದೆ. ಅವನು ಗಡಿಯಾರ ನೋಡಿದ.

ಕೊನೆಗೆ ಒಂದು ದಿನ ಮೂರು ಕಡೆಯವರೂ ಒಟ್ಟಿಗೆ ಬಂದರು, ಮೂರು ಜೀಪಿನಲ್ಲಿ. ದಿಲ್ಲಿಯ ಯಾವುದೋ ಯೋಜನೆಯಂತೆ. ದೇಶದ ನೀರನ್ನೆಲ್ಲ ಎಲ್ಲರೂ ಸೇರಿ ನೋಡಿಕೊಳ್ಳುವುದಂತೆ. ಅದಕ್ಕೆ ಸಮನ್ವಯ ಎಂದು ಹೆಸರಂತೆ. ಬಿಸಿಲಿನಲ್ಲಿ ಬಂದವರಲ್ಲವಾ ಎಂದು ಲಿಂಬೆ ಶರಬತ್ತು ಮಾಡಿ ಕೊಟ್ಟೆ. ದೊಡ್ಡ ಸಾಹೇಬರು ಗಟಗಟ ಕುಡಿದು, "ಆಹಾ, ಉಪ್ಪು ಹದವಾಗಿ ಬಿದ್ದಿದೆ ಅಮ್ಮ" ಎಂದರು.

"ನಾನು ಉಪ್ಪು ಹಾಕಲಿಲ್ಲ ಸಾರ್. ಬಾವಿಯಲ್ಲೇ ಉಂಟು."

ಮೂವರೂ ಒಟ್ಟಿಗೇ ಲೋಟ ಕೆಳಗಿಟ್ಟರು. ಸಮನ್ವಯ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಮಣಿಪಾಲದಲ್ಲಿ ಸಭೆ ಸೇರಿ ತೀರ್ಮಾನ ಮಾಡುತ್ತೇವೆ ಎಂದು ಮೂರು ಜೀಪೂ ಹೊರಟುಹೋದವು.

ನನಗೆ ಮೈಯೆಲ್ಲ ಉರಿ. ಸಂಜೆ ಆಚೆ ದಡದಲ್ಲಿ ತರಕಾರಿ ಬೆಳೆಯುವ ಗಿರಿಜಳನ್ನು ಕೂಗಿದೆ. "ಗಿರಿಜಾ, ಇವರನ್ನು ಕಾದರೆ ನನ್ನ ಮಲ್ಲಿಗೆಯೂ ಇಲ್ಲ, ನಿನ್ನ ಬಸಳೆಯೂ ಇಲ್ಲ. ನಾಳೆ ನಾವೇ ಮುಚ್ಚುವ. ಹಟ್ಟಿಯ ಹಳೇ ಹಲಗೆ ಉಂಟು. ಈಚೆಯ ಎರಡು ಕಿಂಡಿ ನನ್ನದು, ಆಚೆಯ ಎರಡು ನಿನ್ನದು."

"ಆಯ್ತು ಸಿಸಿಲಿ ಬಾಯಿ. ನಡುವಿನದ್ದು ಯಾರದ್ದು?"

"ಅದು ನನ್ನ ಪಾಲಿಗೆ ಬರುವುದಿಲ್ಲ."

ಆಚೆ ದಡದಲ್ಲಿ ಅವಳು ಸೊಂಟ ಹಿಡಿದುಕೊಂಡು ನಗಲು ಶುರು ಮಾಡಿದಳು. "ಬಾಯಿ, ನಿಮಗೆ ಇನ್ನು ಒಂದು ಜೀಪು ಮಾತ್ರ ಬಾಕಿ!"

ಹಟ್ಟಿಗೆ ಹೋಗಿ ಹಲಗೆ ಎಣಿಸಿದೆ, ನಾಲ್ಕು ಕಿಂಡಿಗೆ ಮಾತ್ರ ಸಾಕಿತ್ತು.

ಮರುದಿನ ಬೆಳಕು ಹರಿಯುತ್ತಲೇ ನನ್ನ ಬಚ್ಚಲಿನ ಬಾಗಿಲು ಕಳಚಿ, ಹಗ್ಗ ಕಟ್ಟಿ ತೋಡಿನವರೆಗೆ ಎಳೆದುಕೊಂಡು ಹೋಗಿ, ಮೊದಲು ನಡುವಿನ ಕಿಂಡಿಗೇ ಇಳಿಸಿದೆ.