ಗಾಜಿನ ಹೊಲದಲ್ಲಿ ಚರಗ

ಯಾರ ಎದುರಿಗೆ ಶಾಣ್ಯಾಕಿ ಅನ್ನಿಸಿಕೊಳ್ಳಬೇಕೋ ಸರಿಯಾಗಿ ಅವರ ಎದುರಿಗೇ ನಾನು ಎಡವಟ್ಟು ಮಾಡುತ್ತೇನೆ. ಊರಲ್ಲಿ ಮಾಡಿದ್ದು ಊರಲ್ಲೇ ಮುಗಿಯುತ್ತಿತ್ತು. ಹೋದ ಚಳಿಗಾಲದಲ್ಲಿ ಹಾಲೆಂಡಿಗೂ ಹೋಗಿ ಮಾಡಿ ಬಂದೆ.

ಆಯಿಯ ಶರ್ತು

ನಮ್ಮದು ಅಕ್ಕಲಕೋಟ ತಾಲೂಕಿನ ತಡವಳ. ನಾನು ಸೊಲ್ಲಾಪುರದಲ್ಲಿ ಕೃಷಿ ಓದುವವಳು. ನನಗೆ ಬೇಕಾದದ್ದು ಒಂದೇ: ಬಾವಿ ಮಗ್ಗುಲಿನ ತುಂಡು ಹೊಲ, ನನ್ನ ಮನಸ್ಸಿಗೆ ಬಂದ ಬೆಳೆ ತೆಗೆಯಲು. ಅದು ನಮ್ಮ ಆಯಿಯದು. ಆಯಿ ಅಂದರೆ ಅಪ್ಪನ ಅವ್ವ. ಮನೆಯಲ್ಲಿ ಅವಳ ಮಾತಿಗೆ ಎದುರಿಲ್ಲ. ಕಾಲೇಜಿನವರು ನಮ್ಮನ್ನು ಹಾಲೆಂಡಿನ ರೈತರ ಹತ್ತಿರ ಕಲಿಯಲು ಕಳಿಸುತ್ತಾರೆ ಎಂದು ತಿಳಿದಾಗ ಆಯಿ ಶರ್ತು ಹಾಕಿದಳು.

"ಬರೇ ಪುಸ್ತಕ ಓದಿದಾಕಿ ಕೈಯಾಗ ಹೊಲ ಕೊಡಾಂಗಿಲ್ಲ. ಅಲ್ಲಿ ರೈತ ಫೋನಿನ್ಯಾಗ ನನಗ ಹೇಳ್ಲಿ, ಈ ಹುಡುಗಿಗೆ ಹೊಲ ಕೊಡ್ರಿ ಅಂತ. ಆವತ್ತ ಕೊಡ್ತೀನಿ."

"ಇಲ್ಲಂದ್ರ?"

"ಇಲ್ಲಂದ್ರ ನಿಮ್ಮಪ್ಪ ಅದರಾಗ ಕಬ್ಬ ಹಚ್ತಾನ."

ಕಾಲೇಜಿನಲ್ಲಿ ನಪಾಸಾದರೂ ಮುಂದಿನ ವರ್ಷಕ್ಕೆ ಹೋಗಬಹುದು. ಆಯಿಯ ಪರೀಕ್ಷೆಯಲ್ಲಿ ಆ ಸವಲತ್ತು ಇಲ್ಲ.

ಬರಿಗಾಲು

ನನ್ನ ಪಾಲಿಗೆ ಬಂದ ರೈತನದು ಎಕರೆಗಟ್ಟಲೆ ಗಾಜಿನ ಮನೆ, ಒಳಗೆ ಟೊಮ್ಯಾಟೊ. ಬಾಗಿಲಲ್ಲೇ ಬೂಟಿನ ಮೇಲೆ ಹಾಕಿಕೊಳ್ಳಲು ಪ್ಲಾಸ್ಟಿಕ್ ಚೀಲ ಕೊಟ್ಟ. ನಮ್ಮಲ್ಲಿ ರಾಶಿ ಮಾಡುವ ಕಣದಲ್ಲಿ ಚಪ್ಪಲಿ ಕಾಲಿಟ್ಟರೆ ಆಯಿ ಕಾಲು ಮುರಿಯುತ್ತಾಳೆ. ಬೆಳೆಗೆ ನಾವು ಎಷ್ಟು ಮರ್ಯಾದೆ ಕೊಡುತ್ತೇವೆ ಅನ್ನೋದು ಇವನಿಗೂ ತಿಳಿಯಲಿ ಎಂದು ಬೂಟು, ಸಾಕ್ಸು ಎರಡೂ ಬಿಚ್ಚಿ, ನೆಲ ಮುಟ್ಟಿ ನಮಸ್ಕರಿಸಿ ಒಳಗೆ ನಡೆದೆ.

ಹಿಂದಿನಿಂದ ಕೂಗು ಕೇಳಿತು. ಬೆಳೆಗೆ ಹೊರಗಿನ ರೋಗ ತಗಲಬಾರದು ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿರುವ ಮನುಷ್ಯ ಅವನು! ನನ್ನ ಕಾಲನ್ನು ಔಷಧಿ ನೀರಿನಲ್ಲಿ ಅದ್ದಿಸಿದ, ನಾನು ನಡೆದ ಜಾಗವನ್ನೆಲ್ಲ ತೊಳೆಸಿದ. ಮರುದಿನ ಬಾಗಿಲಿಗೆ ಹೊಸ ಚಿತ್ರ ಬಂತು: ಒಂದು ಬರಿಗಾಲು, ಅದರ ಮೇಲೆ ಕೆಂಪು ಗೀಟು. ಆ ಕಾಲಿಗೆ ನನ್ನ ಗೆಜ್ಜೆ ಕೂಡ ಬರೆದಿದ್ದ.

ಹಗಲು ದೀಪ

ನಮ್ಮ ಹೊಲಗಳಿಗೆ ಕರೆಂಟು ಬೀಗರ ಹಾಗೆ, ತನಗೆ ಬೇಕಾದಾಗ ಬರುತ್ತದೆ. ಹಾಗಾಗಿ ಹಗಲು ದೀಪ ಉರಿಯುವುದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಗಾಜಿನ ಮನೆ ತುಂಬ ದೀಪ ಧಗಧಗ. ಪಾಪ, ಆರಿಸುವುದು ಮರೆತಿದ್ದಾನೆ ಎಂದು ಗೋಡೆಯ ಮೇಲಿನ ಬಟನ್ ಒಂದನ್ನೂ ಬಿಡದೆ ಆರಿಸಿ, ಹೊಗಳಿಸಿಕೊಳ್ಳಲು ತಯಾರಾಗಿ ನಿಂತೆ.

ಅವನು ಓಡಿ ಬಂದ. ಕೈಯಲ್ಲಿ ಮೊಬೈಲಿನ ಅಲಾರಾಂ ಕಿರುಚುತ್ತಿತ್ತು.

"ಇಲ್ಲಿ ಚಳಿಗಾಲದಲ್ಲಿ ಗಿಡಗಳಿಗೆ ಆ ದೀಪವೇ ಬಿಸಿಲು! ನೀನು ಸೂರ್ಯನನ್ನೇ ಆರಿಸಿಬಿಟ್ಟೆ!"

"ನಮ್ಮ ಸೊಲ್ಲಾಪುರದಲ್ಲಿ ಸೂರ್ಯನಿಗೆ ಬಟನ್ ಇಲ್ಲ ಸರ್," ಅಂದೆ. "ಇದ್ದಿದ್ದರೆ ಏಪ್ರಿಲ್‌ನಲ್ಲೇ ಆರಿಸುತ್ತಿದ್ದೆವು."

ಮಣ್ಣಿಲ್ಲದ ಹೊಲ

ಅವನು ನಗಲಿಲ್ಲ. ಇಂಥವನ ಬಾಯಿಂದ ಶಿಫಾರಸು ಬಂದಂತೆಯೇ ಎಂದು ನನಗೆ ನಿಜವಾಗಿ ಅಳು ಬಂತು. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಆವತ್ತು ನಮ್ಮ ಕಡೆ ಭೂಮಿತಾಯಿ ಬಸುರಿ ಎಂದು ಕುಬಸ, ಅಂದರೆ ಸೀಮಂತ, ಮಾಡಿದಂತೆ ಅವಳ ಬಯಕೆಗೆ ಅಡುಗೆ ಮಾಡಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ತಡವಳದ ಹೊಲದಿಂದ ಆಯಿ ವಿಡಿಯೊ ಕಾಲ್ ಮಾಡಿದಳು.

"ನಮ್ಮದು ಚೆಲ್ಲೂದು ಆತು. ನೀ ಚರಗ ಚೆಲ್ಲಿದಿ?"

"ಇಲ್ಲಿ ಮಣ್ಣೇ ಇಲ್ಲ ಆಯಿ. ಗಿಡ ತೆಂಗಿನ ನಾರಿನ ಚೀಲದಾಗ ಬೆಳೀತಾವ."

"ಬಸರಿನೇ ಇಲ್ದ ಕುಬಸ ಹ್ಯಾಂಗ ಮಾಡೂದು?" ಆಯಿ ಗಾಬರಿಯಾದಳು. "ಹೊರಗ ಹೋಗು. ಎಲ್ಲರೆ ಒಂದೀಟ ಮಣ್ಣ ಕಂಡೇ ಕಾಣ್ತದ."

ಗೋಡೆಯ ಪಕ್ಕ ಹುಲ್ಲಿನ ಪಟ್ಟಿಯಿತ್ತು. ಫೋನನ್ನು ಗಾಜಿಗೆ ಆನಿಸಿಟ್ಟು, ಊರಿನಿಂದ ಒಯ್ದಿದ್ದ ಸಜ್ಜೆ ರೊಟ್ಟಿ ಪುಡಿ ಮಾಡಿ, "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿ ಚೆಲ್ಲಿದೆ. "ಜೋರಲೆ ಒದರು!" ಅಂದಳು ಆಯಿ. ಜೋರಾಗಿ ಒದರಿದೆ. ಆಯಿ ಕೂಡ ಆ ಕಡೆಯಿಂದ ಒದರಿದಳು.

ಎಲ್ಲಿದ್ದವೋ, ಕಡಲ ಹಕ್ಕಿಗಳ ದಂಡೇ ಇಳಿಯಿತು. ರೊಟ್ಟಿ ಮುಗಿಸಿ, ಗಾಜಿನ ಚಾವಣಿಯ ಮೇಲೆ ಸಾಲಾಗಿ ಕೂತು, ಹೊಟ್ಟೆ ಹಗುರ ಮಾಡಿಕೊಂಡವು. ಬೆಳಕು ಬೀಳಲಿ ಎಂದು ರೈತ ಹಿಂದಿನ ದಿನವಷ್ಟೇ ತೊಳೆಸಿದ್ದ ಚಾವಣಿ! ಗದ್ದಲ ಕೇಳಿ ಅವನು ಹೊರಗೆ ಬಂದ. ಭೂಮಿತಾಯಿ, ಬಸುರಿ, ಬಯಕೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಚಾವಣಿ ನೋಡುತ್ತಲೇ ಇದ್ದ.

ಫೋನಿನಿಂದ ಆಯಿ, "ಇಂವನೇ ಏನ ರೈತ? ಕೇಳು, ನಿನಗ ಹೊಲ ಕೊಡ್ಲ್ಯೋ ಬ್ಯಾಡೋ?" ಅಂದಳು.

ಬೇರೆ ದಾರಿಯಿರಲಿಲ್ಲ, ಕೇಳಿದೆ. ಅವನು ಬಗ್ಗಿ ಫೋನಿನಲ್ಲಿ ಆಯಿಯ ಮುಖ ನೋಡಿದ.

"ಕೊಡಿ. ಇವತ್ತೇ ಕೊಡಿ," ಅಂದ. "ಸ್ವಂತ ಹೊಲ ಸಿಕ್ಕರೆ ಇವಳು ನನ್ನದಕ್ಕೆ ಬರುವುದಿಲ್ಲ."

ಮೊದಲಿನ ಎರಡು ಮಾತಷ್ಟನ್ನೇ ನಾನು ಆಯಿಗೆ ತಿಳಿಸಿದೆ. ಆಯಿಯ ಕಣ್ಣು ತುಂಬಿ ಬಂದವು. ಅಲ್ಲಿಂದಲೇ ಅವನಿಗೆ ಕೈಮುಗಿದು ಅಂದಳು: "ಆತವಾ, ಬಾವಿ ಮಗ್ಗಲದ ತುಂಡ ನಿಂದೇ. ಎಷ್ಟ ಛಲೋ ಮನಶ್ಯಾ ಇದ್ದಾನ! ಪ್ರತಿ ವರ್ಷ ಎಳ್ಳಮಾಸಿಗೆ ನಿಮ್ಮ ಹೊಲಕ್ಕ ಬಂದು ಚರಗ ಚೆಲ್ಲಿ ಹೋಗ್ತೀನಿ ಅಂತ ನೀ ಅವಗ ಹೇಳು."