ಅತ್ತೆಯವರ ಶೇಗಡಿಯ ಮೇಲೆ ನಾನು ಹೂಡಿದ ಮೊಕದ್ದಮೆ

ನನ್ನ ತಲೆನೋವಿಗೆ ನನ್ನ ಅತ್ತೆಯವರೇ ಕಾರಣ ಎಂಬುದನ್ನು ಯಂತ್ರ ತಂದು ವೈಜ್ಞಾನಿಕವಾಗಿ ಸಾಬೀತುಪಡಿಸಲು ಹೊರಟ ಅಳಿಯ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಉಳಿದ ಅಳಿಯಂದಿರಿಗೂ ಸಂಶಯ ಇದ್ದೇ ಇರುತ್ತದೆ. ಪಾಪ, ಅವರ ಹತ್ತಿರ ಸಾಕ್ಷಿ ಇರುವುದಿಲ್ಲ.

ನಾನು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಅಲ್ಲಿ ನಾನು ಹುಬ್ಬು ಗಂಟಿಕ್ಕಿದರೆ ಸಾಕು, ಮ್ಯಾನೇಜರನೂ ಹೆಲ್ಮೆಟ್ ಹುಡುಕುತ್ತಾನೆ. ಬಿಬವೇವಾಡಿಯ ನಮ್ಮ ಫ್ಲ್ಯಾಟಿನಲ್ಲಿ ಮಾತ್ರ ಫ್ಯಾನು ಹಾಕಬೇಕೆಂದರೂ ಮಾಧುರಿಯ (ನನ್ನ ಧರ್ಮಪತ್ನಿ) ಅಪ್ಪಣೆ ಬೇಕು. ಹೀಗಿರುವಾಗ ಈ ಸಲದ ಚಳಿಗಾಲಕ್ಕೆ ಮಹಾಲಿಂಗಪುರದಿಂದ ನನ್ನ ಅತ್ತೆ ಕಾಶವ್ವನವರು ದಯಮಾಡಿಸಿದರು. ಅವರು ಬಂದಾಗ ನಾನು ಸ್ಟೂಲಿನ ಮೇಲೆ ನಿಂತು ಬಚ್ಚಲುಮನೆಯ ಬೆಳಕಿಂಡಿಗೆ ಥರ್ಮಾಕೋಲ್ ಹಚ್ಚಿ ಟೇಪು ಅಂಟಿಸುತ್ತಿದ್ದೆ. ಪುಣೆಯ ಪಾರಿವಾಳಗಳೆಲ್ಲ ನಮ್ಮ ಬಚ್ಚಲನ್ನು ಹೆರಿಗೆ ಆಸ್ಪತ್ರೆ ಮಾಡಿಕೊಂಡಿದ್ದವು. ಅತ್ತ ಪಾರಿವಾಳಗಳು ಹೊರಗೆ ಹೋದವು, ಇತ್ತ ಅತ್ತೆ ಒಳಗೆ ಬಂದರು. ಅವರ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಇದ್ದಲು ಹಾಕಿ ಉರಿಸುವ ಕಬ್ಬಿಣದ ಶೇಗಡಿ.

ಅಂದಿನಿಂದ ದಿನಾ ಬೆಳಿಗ್ಗೆ ಅವರು ಕೋಣೆಯಲ್ಲಿ ಶೇಗಡಿ ಹೊತ್ತಿಸಿ ಮೊಣಕಾಲು ಕಾಯಿಸಿಕೊಳ್ಳುವುದು, ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ತಲೆ ಸಿಡಿಯುವುದು. ಇದಕ್ಕಿಂತ ಸ್ಪಷ್ಟವಾದ ಕಾರ್ಯಕಾರಣ ಸಂಬಂಧ ಯಾವ ಶಾಸ್ತ್ರದಲ್ಲೂ ಸಿಗಲಾರದು.

"ನಿಮ್ಮವ್ವ ಬಂದಾಗಿನಿಂದ ನನಗ ಭಾಳ ತಲಿನೋವು," ಎಂದೆ ಮಾಧುರಿಗೆ.

"ನಿಮ್ಮವ್ವ ಬಂದಾಗ ನನಗ ಎಲ್ಲೆಲ್ಲಿ ನೋಯ್ತದ ಅಂತ ನಾ ಎಂದರ ಹೇಳೀನೇನ್ರಿ?" ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಮಾತಿನಿಂದ ಈ ಮನೆಯಲ್ಲಿ ನ್ಯಾಯ ಸಿಗದೆಂದು ತಿಳಿದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ತಂದೆ. ಅಂಗೈಯಗಲದ ಬಿಳಿ ಡಬ್ಬಿ. ಸಂಜೆ ಚಹಾ ಮುಗಿದ ಮೇಲೆ ತಾಯಿ–ಮಗಳನ್ನು ಕೂಡಿಸಿ ಉಪನ್ಯಾಸ ಕೊಟ್ಟೆ. ಇದ್ದಲಿರಲಿ, ಗ್ಯಾಸಿರಲಿ, ಗಾಳಿ ಸಾಲದ ಜಾಗದಲ್ಲಿ ಉರಿದರೆ ಈ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಆಮೇಲೆ ಬುದ್ಧಿಗೆ ಮಂಕು, ಆಮೇಲೆ ಹೇಳಿಕೊಳ್ಳಲು ಮನುಷ್ಯನೇ ಇರುವುದಿಲ್ಲ. ಅಲಾರಂ ಕೂಗಿತೋ, ಕೈಗೆ ಸಿಕ್ಕ ಕಿಟಕಿ ತೆರೆದು ಎಲ್ಲರೂ ಮನೆಯ ಹೊರಗೆ. ಒಳಗೆ ಏನೇ ಬಿಟ್ಟಿರಲಿ, ಯಾರೂ ತಿರುಗಿ ಹೋಗುವಂತಿಲ್ಲ.

"ಬಣ್ಣಿಲ್ಲ, ವಾಸನಿಲ್ಲ, ಕಣ್ಣಿಗೆ ಕಾಣಂಗಿಲ್ಲ," ಎಂದು ಅತ್ತೆ ಕೈ ಮುಗಿದರು. "ಇಷ್ಟ ದಿನಾ ಇಂಥಾವ ಮ್ಯಾಲ ಒಬ್ಬನ ಅದಾನ ಅಂತ ತಿಳಕೊಂಡಿದ್ದೆರಿ."

ಅಲಾರಂ ಅನ್ನು ಅತ್ತೆಯವರ ತಲೆದಿಂಬಿನ ನೇರಕ್ಕೆ ತೂಗುಹಾಕುವುದು ನನ್ನ ಯೋಜನೆಯಾಗಿತ್ತು. ಮಾಧುರಿ ಡಬ್ಬಿಯೊಳಗಿನ ಸೂಚನಾಪತ್ರವನ್ನು ಓದಿಬಿಟ್ಟಳು. (ಗಂಡ ತಂದ ವಸ್ತುವಿನ ಸೂಚನೆ ಹೆಂಡತಿ ಓದುವುದು ದಾಂಪತ್ಯಕ್ಕೆ ಒಳ್ಳೆಯದಲ್ಲ.)

"ಒಲಿ ಮಗ್ಗಲ ಬ್ಯಾಡ, ಪಡದೆ ಹಿಂದ ಬ್ಯಾಡ, ಬಚ್ಚಲದಾಗ ಹಬಿ ತಾಗ್ತದ ಅಲ್ಲೂ ಬ್ಯಾಡ. ಮಲಗೋ ಖೋಲಿ ಹೊರಗ ಹಾಕ್ರಿ ಅಂತದ. ಪ್ಯಾಸೇಜಿನ್ಯಾಗ ಹಾಕೋಣ. ಮತ್ತ ಅವ್ವಾ, ಮನಿ ಒಳಗ ಇದ್ದಲು ಹಚ್ಚಬಾರದು ಅಂತನೂ ಅದ. ನಾಳಿಂದ ನಿನ್ನ ಶೇಗಡಿ ಹೊರಗ ಗ್ಯಾಲರ್ಯಾಗ."

ಅಲಾರಂ ಪ್ಯಾಸೇಜಿನ ಗೋಡೆಗೆ ಬಂತು. ಅದರ ಎಡಕ್ಕೆ ಅತ್ತೆಯ ಕೋಣೆ, ಬಲಕ್ಕೆ ಬಚ್ಚಲು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿರಿ ಎಂದಿತ್ತು. ನಾನು ಗಂಟೆಗೊಮ್ಮೆ ಒತ್ತಿದೆ. ಅತ್ತೆಯವರು ಹಾದುಹೋಗುವಾಗಲಂತೂ ತಪ್ಪದೆ ಒತ್ತಿದೆ.

ಕೊನೆಗೆ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಆತ್ರಿ ಅಳಿಯಂದ್ರ. ನನ್ನ ಶೇಗಡಿ ಸಂಬಂಧ ಅದು ಕೂಗಿತಂದ್ರ ಮರುದಿನಾನ ಬಸ್ ಹತ್ತತೀನಿ. ಬ್ಯಾರೆ ಯಾರರ ಸಂಬಂಧ ಕೂಗಿದ್ರ?"

"ಅವರೂ ಮನಿ ಬಿಡಬೇಕ್ರಿ," ಎಂದೆ. ನ್ಯಾಯವೆಂದರೆ ನ್ಯಾಯ.

ಮಾಧುರಿಯ ಮುಖ ಸಣ್ಣದಾಯಿತು. ಯುಗಾದಿಯವರೆಗೆ ಅವ್ವನನ್ನು ಇಟ್ಟುಕೊಂಡು ಮೊಣಕಾಲಿಗೆ ಇಲ್ಲಿಯೇ ಔಷಧ ಮಾಡಿಸಬೇಕೆಂಬುದು ಅವಳ ಬಹುದಿನದ ಆಸೆ. ನನಗೂ ಒಂದು ಕ್ಷಣ ಕೆಡುಕೆನಿಸಿತು. ಆದರೆ ನನ್ನ ತಲೆಯೂ ನನಗೆ ಮುಖ್ಯವಲ್ಲವೇ.

ಬಂತು ರವಿವಾರ. ವಾರವಿಡೀ ಬಸ್ಸಿಗೆ ಓಡುವವನಿಗೆ ರವಿವಾರದ ಸ್ನಾನ ಸಾಕ್ಷಾತ್ ಗಂಗಾವತರಣ. ಬಾಗಿಲಿಗೆ ಚಿಲಕ ಹಾಕಿ, ಗೋಡೆಯ ಮೇಲಿನ ಗ್ಯಾಸ್ ಗೀಝರ್ ಹೊತ್ತಿಸಿ, ಹಬೆಯ ಮೋಡಗಳ ನಡುವೆ ದೇವೇಂದ್ರನಂತೆ ಕುಳಿತೆ. ಪಾರಿವಾಳದ ಗುಟುರಿಲ್ಲ, ತಣ್ಣನೆಯ ಗಾಳಿಯಿಲ್ಲ. ಅರ್ಧ ಸ್ನಾನವಾಗಿತ್ತೋ ಇಲ್ಲವೋ, ಹೊರಗೆ ಅಲಾರಂ ಕಿರುಚಿಕೊಂಡಿತು.

ನಾನು ಚೊಂಬು ಎತ್ತಿ ಹಿಡಿದು ಮೌನವಾಗಿ ವಿಜಯೋತ್ಸವ ಆಚರಿಸಿದೆ. ಶೇಗಡಿ ಗ್ಯಾಲರಿಯಿಂದ ಕದ್ದು ಒಳಗೆ ಬಂದಿರಬೇಕು. ಹೊರಟರು ಅತ್ತೆಯವರು. ಸಂತೋಷಕ್ಕೆ ತಲೆ ಹಗುರಾಗಿ ತೇಲತೊಡಗಿತು.

"ಏನ್ರೀ, ಕೂಗಾಕತ್ತೇದ, ಲಗೂನ ಹೊರಗ ಬರ್ರಿ," ಮಾಧುರಿ ಬಾಗಿಲು ಬಡಿದಳು.

"ಮೊದಲ ನಿಮ್ಮವ್ವನ ಚೀಲಾ ಕಟ್ಟು."

"ಅವ್ವ ಇವತ್ತ ಶೇಗಡಿ ಹಚ್ಚೇ ಇಲ್ಲ. ನನ್ನ ಮಗ್ಗಲ ನಿಂತಾಳ."

ಅವಳು ಹೇಳಿದ ಒಂದೊಂದು ಶಬ್ದವೂ ಅರ್ಥವಾಯಿತು. ಅವನ್ನು ಕೂಡಿಸಿ ವಾಕ್ಯ ಮಾಡಿಕೊಳ್ಳುವುದು ಮಾತ್ರ ಆಗಲಿಲ್ಲ. ಎದ್ದು ನಿಲ್ಲೋಣವೆಂದರೆ ಮೊಣಕಾಲುಗಳು ಅಸಹಕಾರ ಚಳವಳಿ ಹೂಡಿದ್ದವು. ಗೀಝರಿನ ನೀಲಿ ಉರಿ ಎರಡಾಗಿ ಕಂಡಿತು. ಆಗ ಮಾತ್ರ, ಬಹಳ ತಡವಾಗಿ, ನನಗೆ ನಿಜವಾಗಿಯೂ ಹೆದರಿಕೆಯಾಯಿತು.

"ಮಾತ ನಿಂತಾವಲ್ಲ. ಆಕಡೆ ಸರಿಯವಾ," ಎಂಬ ಕಾಶವ್ವನವರ ದನಿ ಕೇಳಿತು. ಖಾರ ಕುಟ್ಟುವ ಗುಂಡುಕಲ್ಲಿನ ಒಂದೇ ಏಟಿಗೆ ಚಿಲಕ ಹಾರಿತು. ಆರು ತಿಂಗಳಿಂದ ಮೊಣಕಾಲು ನೋವೆಂದು ನರಳುತ್ತಿದ್ದ ಆ ಮಹಾತಾಯಿ ಕೈಗೆ ಸಿಕ್ಕ ಟವೆಲನ್ನು ನನಗೆ ಸುತ್ತಿ, ರಟ್ಟೆ ಹಿಡಿದು ದರದರನೆ ಎಳೆದುಕೊಂಡು ನಡೆದರು. ಮಾಧುರಿ ಕಿಟಕಿ ತೆರೆದು ಬಾಗಿಲು ಹಿಡಿದಳು. ಎದುರು ಮನೆಯ ಮೋಹನದಾಸರು, ಕುಂದಾಪುರ ಕಡೆಯವರು, ಹೋಟೆಲ್ ನಡೆಸುವವರು, ಸಾಂಬಾರಿನ ಕೊಳಗ ಎತ್ತುವಂತೆ ನನ್ನನ್ನು ಎತ್ತಿ ಕೆಳಗೆ ಅಂಗಳಕ್ಕೆ ಒಯ್ದರು.

"ಗಾಳಿ ತೆಗೊಳ್ಳಿ ಮಾರಾಯ್ರೆ," ಎಂದರು. ಇಡೀ ಸೊಸೈಟಿ ಹಾಗೂ ಹೂವಿನವಳು ನೋಡುತ್ತಿರುವಾಗ ನಾನು ಟವೆಲಿನಲ್ಲಿ ಕುಳಿತು ಗಾಳಿ ತೆಗೆದುಕೊಂಡೆ.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಇಟ್ಟು ಡಾಕ್ಟರರು ತಲೆನೋವು ಎಂದಿನಿಂದ ಎಂದು ಕೇಳಿದರು. ಉತ್ತರ ಮಾಧುರಿ ಕೊಟ್ಟಳು: "ಇವರು ಬಚ್ಚಲದ ಬೆಳಕಿಂಡಿ ಮುಚ್ಚಿದ ದಿನದಿಂದ್ರಿ." ಡಾಕ್ಟರರು ನನ್ನ ಉದ್ಯೋಗ ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೆ.

ಮರುದಿನ ಮನೆಗೆ ಬಂದರೆ ಹೊಸ್ತಿಲಲ್ಲಿ ನನ್ನ ಚೀಲ ತಯಾರಾಗಿತ್ತು. "ಯಾರ ಸಂಬಂಧ ಕೂಗ್ತದೋ ಅವರು ಮನಿ ಬಿಡಬೇಕು. ನೀವ ಹೇಳಿದ್ದು," ಎಂದ ಮಾಧುರಿಯ ಕಣ್ಣು ಇನ್ನೂ ಕೆಂಪಗಿತ್ತು. ರಾತ್ರಿಯೆಲ್ಲ ಅತ್ತಿದ್ದಳೆಂದು ಆಮೇಲೆ ತಿಳಿಯಿತು.

"ಇರ್ಲಿ ಬಿಡವಾ," ಎಂದರು ಕಾಶವ್ವನವರು. "ಹೊರಗ ಹಾಕಿದ್ರ ಅಲ್ಲೂ ಹೋಗಿ ಏನರ ಮುಚ್ಚತಾರ."

ಕ್ಷಮಾದಾನ ಸಿಕ್ಕಿತು. ಅದರ ಹಿಂದೆಯೇ ಷರತ್ತುಗಳೂ ಬಂದವು. ಬೆಳಕಿಂಡಿ ತೆರೆಯಿತು, ಪಾರಿವಾಳಗಳು ಸಕುಟುಂಬ ಮರಳಿದವು. ಗೀಝರನ್ನು ಮೆಕ್ಯಾನಿಕ್ ಬಂದು ತೆರೆದ ಗ್ಯಾಲರಿಗೆ ಸಾಗಿಸಿದ. ಬಚ್ಚಲಿಗೆ ಹೊಸ ಚಿಲಕ ಬೇಡವೆಂದು ಅತ್ತೆ ತೀರ್ಪಿತ್ತರು. ಇನ್ನು ಅಪಾಯವಿಲ್ಲ, ಒಳಗೆ ಉರಿಯೇ ಇಲ್ಲ ಎಂದು ಪರಿಪರಿಯಾಗಿ ಬೇಡಿಕೊಂಡೆ.

"ಗಾಳಿ ಸುದ್ದಿ ನಿಮ್ಮ ಡಬ್ಬಿ ಹೇಳ್ತದ. ನಿಮ್ಮ ಬುದ್ಧಿ ಸುದ್ದಿ ಯಾರು ಹೇಳಬೇಕ್ರಿ?" ಎಂದು ಅವರು ಬಾಗಿಲೆದುರು ಮಣೆ ಹಾಕಿ ಕುಳಿತರು. "ಸ್ನಾನಾ ಮುಗಿಯೂತನಾ ಮಗ್ಗಿ ಹೇಳ್ರಿ. ತಪ್ಪಿತಂದ್ರ ಗ್ಯಾಸ್ ತಲಿಗೇರೇದ ಅಂತ ತಿಳೀತೀನಿ."

ಹನ್ನೆರಡರವರೆಗೆ ನಿರಾತಂಕವಾಗಿ ಮಿಂದೆ. ಹದಿನೇಳನ್ನು ಮೈ ಉಜ್ಜುತ್ತ ಹೇಗೋ ದಾಟಿದೆ. ಮೊನ್ನೆ ತಲೆಗೆಲ್ಲ ಸಾಬೂನು ಹಚ್ಚಿಕೊಂಡು "ಹತ್ತೊಂಬತ್ತೇಳಲೆ ನೂರಾ ಇಪ್ಪತ್ಮೂರು" ಎಂದೆ. ಬಾಗಿಲು ಧಡಾರನೆ ತೆರೆಯಿತು. ಟವೆಲು ಮೇಲೆ ಬಿತ್ತು. ನಾನು ಪ್ಯಾಸೇಜಿನಲ್ಲಿದ್ದೆ.

"ಗ್ಯಾಸ್ ಅಲ್ರಿ, ಅತ್ತಿಯವರ," ಎಂದು ಗೋಗರೆದೆ. "ಸಾಲ್ಯಾಗಿಂದನೂ ನನಗ ಹತ್ತೊಂಬತ್ತರ ಮಗ್ಗಿ ಬರಂಗಿಲ್ರಿ."

ಕಾಶವ್ವನವರು ನಿರಾಳವಾಗಿ ಉಸಿರುಬಿಟ್ಟರು. "ಹಂಗೇನು. ಹಂಗಾದ್ರ ಕಲತುಕೊಂಡ ಒಳಗ ಹೋಗ್ರಿ," ಎಂದು ನನ್ನ ದಾರಿಗೆ ಅಡ್ಡಲಾಗಿ ಮಣೆ ಸರಿಸಿಕೊಂಡರು. ಕಣ್ಣಿಗೆ ಸಾಬೂನು ಇಳಿಯುತ್ತಿರುವಾಗ, ಮಾಧುರಿ ಬಾಯಿಗೆ ಸೆರಗು ಒತ್ತಿ ನಗುತ್ತಿರುವಾಗ, ರಾಂಜಣಗಾಂವದ ಸೇಫ್ಟಿ ಆಫೀಸರ್ ಕೈ ಕಟ್ಟಿ ನಿಂತು ಶುರುಮಾಡಿದ: ಹತ್ತೊಂಬತ್ತೊಂದಲೆ ಹತ್ತೊಂಬತ್ತು.