ಅಡಿವೆಪ್ಪನವರ ಅಪ್ಪಣೆ ಯಂತ್ರ

“ಯಾರೂ ಉಸಿರಾಡಬ್ಯಾಡ್ರಿ! ಯಂತ್ರಕ್ಕ ಗಲಾಟಿ ಆಗಿ ಬರಂಗಿಲ್ಲ!”

ಹೀಗೆಂದು ಘೋಷಿಸಿದವರು ನನ್ನ ಮಾವ ಅಡಿವೆಪ್ಪನವರು. ಧಾರವಾಡದ ಪಾಲಿಟೆಕ್ನಿಕ್ಕೊಂದರ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಲೆ ಅವರು ಪ್ರಯೋಗಶಾಲೆಯನ್ನೇ ಮನೆಗೆ ವರ್ಗ ಮಾಡಿಸಿಕೊಂಡಿದ್ದಾರೆ. ಆ ಮಧ್ಯಾಹ್ನ ಅಡುಗೆಮನೆಯ ಅಟ್ಟದಿಂದ, ಉಪ್ಪಿನಕಾಯಿ ಭರಣಿಗಳ ಹಿಂದಿನಿಂದ, ಅವರು ಇಳಿಸಿದ ದುಂಡನೆಯ ಸ್ಟೀಲ್ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತ ಕಟ್ಟೆಯ ಮೇಲೆ ಕೂತಿತು.

“ಅಯ್ಯ, ನನ್ನ ಮಸಾಲಿ ಡಬ್ಬಿ!” ಎಂದರು ಅತ್ತೆ ಶಿವಗಂಗವ್ವನವರು. “ಎಂಟು ದಿನದಿಂದ ಹುಡುಕಾಕತ್ತೀನಿ!”

“ಈಗ ಅದು ಡಬ್ಬಿ ಅಲ್ಲ. ಅಪ್ಪಣೆ ಯಂತ್ರ!”

ನಾನು ಗಡಿಯಾರ ನೋಡಿದೆ. ಹನ್ನೆರಡೂವರೆ. ನಮ್ಮ ಗಡುವು ಐದು ಗಂಟೆ.

ಗಡುವು ಯಾವುದಕ್ಕೆಂದು ಹೇಳಿಬಿಡುತ್ತೇನೆ. ಅತ್ತೆಯವರು ತಮ್ಮ ತಾಯಿಯಿಂದ, ಅಜ್ಜಿಯಿಂದ, ನೆರೆಹೊರೆಯ ಹಿರಿಯರಿಂದ ಕಲಿತ ಎಂಬತ್ನಾಲ್ಕು ಕಸೂತಿ ವಿನ್ಯಾಸಗಳನ್ನು ಎರಡು ವರ್ಷ ಕೂತು ಚೌಕುಳಿ ಹಾಳೆಯ ಮೇಲೆ ಎಳೆ ಎಣಿಸಿ ಬರೆದಿದ್ದರು: ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ಜೋಳದ ತೆನೆ. ನಾನು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಕಾದಿರಿಸಿದ್ದೆ. ಮೂಲ ಹಾಳೆಗಳು ಮಾವನವರ ಸ್ವಯಂಚಾಲಿತ ನೀರಾವರಿ ಯಂತ್ರಕ್ಕೆ ಬಲಿಯಾದವು. ಅದು ಗಿಡಗಳನ್ನು ಬಿಟ್ಟು ಕಪಾಟಿಗೆ ನೀರುಣಿಸಿತು. ಕಳೆದ ವಾರ ಕಂಪ್ಯೂಟರು ಅವರ ವಿದ್ಯುತ್ ಉಳಿತಾಯ ಯಂತ್ರದಿಂದ ಸುಟ್ಟುಹೋಯಿತು. ವಿದ್ಯುತ್ತೇನೋ ಅಂದಿನಿಂದ ಉಳಿಯುತ್ತಿದೆ. ಹೀಗೆ ಕಾದಿರಿಸಿದ ಪ್ರತಿಯೇ ಏಕೈಕ ಪ್ರತಿಯಾಗಿತ್ತು.

ಅತ್ತೆಯವರ ಕಣ್ಣಿನ ನರ ದಿನೇ ದಿನೇ ಸೊರಗುತ್ತಿದೆ. ಮತ್ತೊಮ್ಮೆ ಬರೆಯುವುದು ಅವರಿಂದಾಗದು. ಸೂಜಿಗೆ ದಾರವನ್ನು ಕೂಡ ದಿನಾ ಬೆಳಿಗ್ಗೆ ಮಾವನವರೇ ಪೋಣಿಸಿಕೊಡುತ್ತಾರೆ. ಅದಕ್ಕೆಂದು ಕಟ್ಟಿದ ಯಂತ್ರ ಸೂಜಿಯನ್ನೇ ನುಂಗಿದ್ದರಿಂದ ಈ ಕೆಲಸ ಅವರ ಕೈಗೆ ಬಂದಿದೆ. ಪ್ರೆಸ್ಸಿನ ಹೊನಕೇರಿಯವರಂತೂ ಖಂಡಿತವಾಗಿ ಹೇಳಿದ್ದರು: ಇಂದು ಐದರೊಳಗೆ ಫೈಲುಗಳು ಬಂದರೆ ಪುಸ್ತಕ, ಬರದಿದ್ದರೆ ನಾಳೆಯಿಂದ ಕ್ಯಾಲೆಂಡರುಗಳ ಕೆಲಸ, ಪುಸ್ತಕಕ್ಕೆ ಮುಂದಿನ ವರ್ಷವೇ ಗತಿ. ಮುಂದಿನ ವರ್ಷ ಆ ಕಣ್ಣುಗಳಿಗೆ ಪುಸ್ತಕ ಕಾಣುವುದೋ ಇಲ್ಲವೋ, ವೈದ್ಯರೂ ಹೇಳಲೊಲ್ಲರು.

ಬೆಳಿಗ್ಗೆ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದಾಗ ಎಂಬತ್ನಾಲ್ಕು ಹೆಸರುಗಳೂ ಸಾಲಾಗಿ ಕಂಡವು. ಒಂದನ್ನು ಒತ್ತಿದೆ. ‘ತಮಗೆ ಅನುಮತಿ ಇಲ್ಲ. ಮಾಲೀಕರನ್ನು ಸಂಪರ್ಕಿಸಿ.’ ಹಳೆಯ ಕಂಪ್ಯೂಟರಿನಲ್ಲಿ ಮಾವನವರು ಸಕಲವನ್ನೂ ತಮ್ಮ ಹೆಸರಿಗೆ ಬರೆದುಕೊಂಡಿದ್ದರು; ಹೊಸತಕ್ಕೆ ಅವರ ಪರಿಚಯವಿರಲಿಲ್ಲ.

“ಮಾವಾರ, ಇದು ಮೂರು ನಿಮಿಷದ ಕೆಲಸ್ರಿ,” ಎಂದಿದ್ದೆ. “ಸೆಟ್ಟಿಂಗ್ಸಿನ್ಯಾಗ ಮಾಲೀಕರ ಹೆಸರು ಬದಲಿ ಮಾಡಿದ್ರ ಮುಗೀತು.”

“ಮೂರು ನಿಮಿಷ? ದಾಕ್ಷಾಯಣಿ, ನನ್ನ ಯಂತ್ರಕ್ಕ ಮೂರು ಸೆಕೆಂಡ್ ಸಾಕು!”

ಹೀಗೆ ಹಾರ್ಡ್ ಡಿಸ್ಕು ನನ್ನ ಕೈಯಿಂದ ಮಸಾಲೆ ಡಬ್ಬಿಗೆ ವರ್ಗವಾಯಿತು.

ಮಾವನವರು ಗಂಟಲು ಸರಿಪಡಿಸಿಕೊಂಡು, ತಾವೇ ತಯಾರಿಸಿದ ಕಿವಿಯಂತ್ರವನ್ನು ಒತ್ತಿ ಕೂರಿಸಿಕೊಂಡರು. ಅತ್ತೆಯವರು ಬೈಯತೊಡಗಿದಾಗ ಅದು ತಾನಾಗಿ ಆರಿಹೋಗುತ್ತದೆಂಬ ಗುಮಾನಿ ಮನೆಯಲ್ಲಿ ಹಿಂದಿನಿಂದಲೂ ಇದೆ.

“ಕೇಳ್ರಿಲ್ಲೆ. ಎಂಟು ದಿನ ಇದು ಅಟ್ಟದ ಮ್ಯಾಲೆ ಕುಂತು ನಮ್ಮ ಮಾತೆಲ್ಲಾ ಕೇಳೇತಿ. ಈ ಮನ್ಯಾಗ ಯಜಮಾನ ಯಾರು ಅಂತ ತಾನs ತಿಳಕೊಂಡೇತಿ. ಇನ್ನೊಂದು, ಕಳ್ಳರು ಮಾಲೀಕನ ಧ್ವನಿ ರೆಕಾರ್ಡ್ ಮಾಡಿ ಮೋಸ ಮಾಡಬಾರದಲ್ಲಾ? ಅದಕ್ಕ ಒಮ್ಮೆ ಆಡಿದ ಮಾತನ್ನ ಇದು ಎರಡನೇ ಸಲ ಒಪ್ಪಂಗಿಲ್ಲ!”

“ನಡುವ ಡಿಸ್ಕ್ ಕಿತ್ತರ?” ಎಂದೆ ನಾನು.

“ಒಳಗಿಂದೆಲ್ಲಾ ಅಳಿಸಿ ಹಾಕತೈತಿ. ಭದ್ರತಾ!”

ತಡೆಯಲೆಂದು ಕೈ ಚಾಚಿದೆ. ಅಷ್ಟರಲ್ಲಿ ಅವರು ಗುಂಡಿ ಒತ್ತಿಯಾಗಿತ್ತು. ಡಬ್ಬಿ, ಶಾಲಾ ತಪಾಸಣೆಗೆ ಬಂದ ಅಧಿಕಾರಿಯ ಧ್ವನಿಯಲ್ಲಿ ಕೇಳಿತು: “ಅನುಮತಿಗಳನ್ನು ಸರಿಪಡಿಸಲಾಗುವುದು. ಇದರೊಂದಿಗೆ ಜೋಡಣೆಯಾಗಿರುವ ಎಲ್ಲದಕ್ಕೂ ಅನ್ವಯಿಸಲೇ?”

“ಹೂಂ! ಎಲ್ಲದಕ್ಕೂ!” ಎಂದರು ಮಾವನವರು ಉದಾರವಾಗಿ.

ಅವರು ಮರೆತ ಸಂಗತಿ ಒಂದೇ. ಮನೆಯ ಪ್ರತಿಯೊಂದು ಸ್ವಿಚ್ಚು, ಮೋಟಾರು, ಬಾಗಿಲ ಚಿಲಕವನ್ನೂ ಅವರು ಕಳೆದ ವರ್ಷವೇ ಒಂದೇ ಜಾಲಕ್ಕೆ ಜೋಡಿಸಿದ್ದರು. ಆ ಜಾಲದ ಹೊಸ ಕೇಂದ್ರ ಈ ಡಬ್ಬಿಯೇ ಆಗಿತ್ತು!

“ಎಂಟು ದಿನಗಳ ಆಲಿಸುವಿಕೆ ಪೂರ್ಣಗೊಂಡಿದೆ,” ಎಂದಿತು ಯಂತ್ರ. “ಈ ಮನೆಯಲ್ಲಿ ಅನುಮತಿ ಕೇಳಿದ ಸಂದರ್ಭಗಳು ಇನ್ನೂರ ಹದಿಮೂರು. ಇನ್ನೊಂದು ಕಪ್ ಚಹಾಕ್ಕಾಗಿ ಮೂವತ್ತೊಂಬತ್ತು ಬಾರಿ. ಉಪ್ಪಿನಕಾಯಿಗಾಗಿ ಇಪ್ಪತ್ತಾರು ಬಾರಿ. ಕೇಳಿದವರು, ಅಡಿವೆಪ್ಪ. ನಿರಾಕರಿಸಿದವರು, ಶಿವಗಂಗವ್ವ. ಆದ್ದರಿಂದ ಮಾಲೀಕರು ಶಿವಗಂಗವ್ವ. ಸಮಸ್ತ ಸ್ವತ್ತುಗಳನ್ನು ಅವರ ವಶಕ್ಕೆ ಒಪ್ಪಿಸಲಾಗಿದೆ.”

ಅತ್ತೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇಷ್ಟು ಬುದ್ಧಿ ಇರೋ ಯಂತ್ರ ನೀವು ಇಲ್ಲೀತನಕ ಕಟ್ಟಿರಲಿಲ್ಲ ನೋಡ್ರಿ,” ಎಂದರು.

ಮುಂದಿನ ಎರಡು ಗಂಟೆಗಳ ವೃತ್ತಾಂತವನ್ನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ. ನೀರು ಕುಡಿಯಲು ಫ್ರಿಜ್ಜಿಗೆ ಕೈ ಹಾಕಿದೆ. “ತಮಗೆ ಅನುಮತಿ ಇಲ್ಲ,” ಎಂದಿತು. ಫ್ಯಾನ್ ಹಾಕಿದೆ, ಅದೂ ಅಂದಿತು. ಕಂಪ್ಯೂಟರು ಮುಖವನ್ನೇ ತೋರಿಸಲಿಲ್ಲ. ಸ್ಕ್ರೂಡ್ರೈವರ್ ತರಲೆಂದು ಬಚ್ಚಲಿಗೆ ಹೋದ ಮಾವನವರ ಹಿಂದೆ ಚಿಲಕ ತಾನಾಗಿ ಬಿತ್ತು.

“ಏ, ಬಾಗಲಾ ತಗೀ!” ಎಂದು ಒಳಗಿನಿಂದ ಕೂಗು.

“ಇರ್ರಿ ಸ್ವಲ್ಪ. ಇದೊಂದು ರೊಟ್ಟಿ ಬೆಂದುಬಿಡ್ಲಿ,” ಎಂದು ಅತ್ತೆಯವರು ನಿಧಾನವಾಗಿ ರೊಟ್ಟಿ ತಿರುವಿದರು. ಮೂರು ರೊಟ್ಟಿ ಬೆಂದ ಮೇಲೆ “ಬಾಗಲಾ ತಗೀಪಾ” ಎಂದರು. ಚಿಲಕ ವಿಧೇಯವಾಗಿ ತೆರೆಯಿತು.

ಅತ್ತ ನೀರಿನ ಮೋಟಾರು ತಾನೇ ಶುರುವಾಗಿ, ತೊಟ್ಟಿ ತುಂಬಿ, ಪಕ್ಕದ ಮನೆಯ ಕಾಶವ್ವನ ಸಂಡಿಗೆಯ ಮೇಲೆ ಹೊಳೆ ಹರಿಯಿತು. ಕಾಶವ್ವ ಜಗಳಕ್ಕೆಂದೇ ಸೆರಗು ಬಿಗಿದು ಬಂದರೆ ಬಾಗಿಲ ಗಂಟೆ, “ತಮಗೆ ಅನುಮತಿ ಇಲ್ಲ,” ಎಂದಿತು.

“ಯಾಂವಲೇ ನೀನು? ನಲವತ್ತು ವರ್ಷ ಈ ಹೊಸ್ತಿಲಾ ದಾಟೀನಿ! ಶಿವಗಂಗಾ, ಇದಕ್ಕ ನಾ ಯಾರಂತ ಹೇಳವಾ!”

ಅತ್ತೆಯವರು ಮೋಟಾರನ್ನು ನಿಲ್ಲಿಸಿ, ಕಾಶವ್ವನನ್ನು ಒಳಗೆ ಬಿಟ್ಟರು. ನಾನು ಮಾವನವರ ಬೆನ್ನ ಹಿಂದೆ ನಿಂತು, “ಮಾವಾರ, ಎರಡೂವರಿ ಆತ್ರಿ! ಹೊನಕೇರಿಯವರ ಫೋನ್ ಬರಾಕತ್ತೈತಿ!” ಎಂದು ಕೂಗಿದೆ. ಅವರು ತಿರುಗಿಯೂ ನೋಡಲಿಲ್ಲ. ಡಬ್ಬಿಯ ಪುಟ್ಟ ಪರದೆಯ ಮೇಲೆ ಬೀಳುವ ಅಕ್ಷರಗಳನ್ನೇ ಓದುತ್ತ ಕೂತಿದ್ದರು. ಬೇಕೆಂದೇ ಕಿವುಡಾಗಿದ್ದಾರೆಂದು ನನಗೆ ರೇಗಿತು.

“ಅತ್ತ್ಯಾರ, ಎಲ್ಲಾ ನಿಮ್ಮ ಮಾತು ಕೇಳತೈತಲ್ರಿ,” ಎಂದೆ ಕೊನೆಗೆ. “ಆ ಫೈಲುಗಳನ್ನೂ ತಗೀ ಅನ್ರಿ.”

“ಫೈಲ್ ತಗೀಪಾ,” ಎಂದರು ಅತ್ತೆಯವರು.

“ಈ ಫೈಲುಗಳು ಹಿಂದಿನ ಮಾಲೀಕರ ಹೆಸರಿನಲ್ಲಿವೆ,” ಎಂದಿತು ಯಂತ್ರ. “ಹೊಸ ಮಾಲೀಕರು ತಮ್ಮ ಸ್ವಂತ ಧ್ವನಿಯಲ್ಲಿ ಹಿಂದಿನ ಮಾಲೀಕರ ಹೆಸರು ಹೇಳಿದರೆ ಹಕ್ಕು ವರ್ಗಾವಣೆಯಾಗುವುದು.”

ಅತ್ತೆಯವರು ಒಲೆಯ ಕಡೆ ತಿರುಗಿಬಿಟ್ಟರು.

ಗಂಡನ ಹೆಸರು ಹೇಳುವುದು! ನಾನು ನನ್ನವರನ್ನು ದಿನಕ್ಕೆ ಹತ್ತು ಸಲ ಹೆಸರು ಹಿಡಿದು ಕೂಗುತ್ತೇನೆ. ಅತ್ತೆಯವರು ಪ್ರತಿಸಲವೂ ಮುಖ ಸಿಂಡರಿಸುತ್ತಾರೆ. ಅವರ ಕಾಲದ ಹೆಂಗಸರು ಗಂಡನ ಹೆಸರನ್ನು ಎತ್ತುವವರಲ್ಲ. ಶುಭಕಾರ್ಯದಲ್ಲಿ ಹೇಳಲೇಬೇಕಾದಾಗ ಪ್ರಾಸದ ಎರಡು ಸಾಲು ಕಟ್ಟಿ, ಹೆಸರನ್ನು ಅದರೊಳಗೆ ಪೋಣಿಸಿ ಒಡಪು ಹೇಳುತ್ತಾರೆ. ಅತ್ತೆಯವರು ಒಡಪನ್ನೂ ಹೇಳಿದ್ದು ಒಂದೇ ಸಲ, ಐವತ್ತೊಂದು ವರ್ಷದ ಹಿಂದೆ, ತಮ್ಮ ಮದುವೆಯಲ್ಲಿ. ಅಂದು ನಡುವೆ ತಡವರಿಸಿದಾಗ ಮದುಮಗ ಚಪ್ಪರದ ತುಂಬ ಕೇಳುವಂತೆ ನಕ್ಕಿದ್ದರು. ಅಲ್ಲಿಗೆ ಮುಗಿಯಿತು!

“ನಾ ಒಲ್ಲೆ,” ಎಂದರು ಅತ್ತೆಯವರು.

“ಏ, ಒಮ್ಮೆ ಅಂದ್ರ ಏನಾಗತೈತಿ? ನಿನ್ನ ಪುಸ್ತಕಾನ ಐತಿ ಅದು!” ಎಂದರು ಮಾವನವರು.

“ಅವತ್ತು ನಕ್ಕಿದ್ರಲ್ಲ, ಈಗೂ ನಗ್ರಿ!”

“ಐವತ್ತೊಂದು ವರ್ಷದ ಮಾತು ಇನ್ನೂ ಹಿಡಕೊಂಡೀಯಲ್ಲ!”

“ನೀವು ಒಂದು ಹಳೇ ನಟ್ಟು ಬೋಲ್ಟಾದ್ರೂ ಬಿಸಾಕೀರೇನು? ನಾ ಯಾಕ ಬಿಡ್ಲಿ?”

ಗಂಟೆ ಎರಡೂ ಮುಕ್ಕಾಲು. ತಾಳ್ಮೆಗೆಟ್ಟು ನಾನೇ ನಾಲಿಗೆ ಕಚ್ಚಿಕೊಂಡು “ಅಡಿವೆಪ್ಪ!” ಎಂದು ಕೂಗಿಬಿಟ್ಟೆ. ಯಂತ್ರ, “ತಮಗೆ ಅನುಮತಿ ಇಲ್ಲ,” ಎಂದಿತು. ಅತ್ತೆಯವರು ಕೊಟ್ಟ ನೋಟವೂ ಅದನ್ನೇ ಅಂದಿತು.

ಆಗ ಕಾಶವ್ವ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದರು. “ಶಿವಗಂಗಾ, ನಮ್ಮವ್ವ ನನ್ನ ಕುಬಸಕ್ಕ ಹಾಕಿದ್ದ ತೇರಿನ ಕಸೂತಿ ಆ ಡಬ್ಬ್ಯಾಗ ಐತಿ ಹೌದಲ್ಲೋ? ಆಕಿ ಹೋದಳು, ಕುಬಸಾನೂ ಹೋತು. ಇನ್ನ ಅದು ಎಲ್ಲೂ ಇಲ್ಲವಾ.”

ಅತ್ತೆಯವರು ಕೈ ತೊಳೆದರು. ಸೆರಗು ಸರಿಮಾಡಿಕೊಂಡರು. ಗೋಡೆಯ ಕಡೆ ನೋಡುತ್ತ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು:

“ಹಾಲಿಗೆ ಹೆಪ್ಪ, ರೊಟ್ಟಿಗೆ ತುಪ್ಪ,
ಮನಿ ತುಂಬ ವಯರ್ ಎಳದಾರ ನಮ್ಮ ಅಡಿವೆಪ್ಪ!”

ಟಿಂಗ್! ಎಂದಿತು ಯಂತ್ರ. ಅದರ ಪುಟ್ಟ ಪರದೆಯ ಮೇಲೆ ಗೋಪುರ ಅರಳಿತು. ಒಂದೊಂದು ಎಳೆಯೂ ಸ್ಪಷ್ಟ! ನಾನು ಕುಣಿದಾಡುವಷ್ಟರಲ್ಲಿ ಡಬ್ಬಿ ಮುಂದುವರಿಸಿತು: “ಒಂದು ಫೈಲು ಪೂರ್ಣ. ಉಳಿದದ್ದು ಎಂಬತ್ತಮೂರು. ಪ್ರತಿಯೊಂದಕ್ಕೂ ಪ್ರತ್ಯೇಕ ಘೋಷಣೆ ಅಗತ್ಯ. ಹಳೆಯ ಘೋಷಣೆಯನ್ನು ಸ್ವೀಕರಿಸಲಾಗುವುದಿಲ್ಲ.”

ಒಮ್ಮೆ ಆಡಿದ ಮಾತನ್ನು ಎರಡನೇ ಸಲ ಒಪ್ಪುವುದಿಲ್ಲ! ಭದ್ರತೆ! ನಾನು ಮಾವನವರನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದು ಸೊಸೆಯಾದವಳಿಗೆ ತಕ್ಕುದಲ್ಲ.

ಆದರೆ ಅತ್ತೆಯವರ ಮುಖದಲ್ಲಿ ಏನೋ ಬದಲಾಗಿತ್ತು. ಕಟ್ಟೆ ಒಡೆದಂತೆ ಅವರು ಶುರುಮಾಡಿದರು.

“ಸಾರಿಗೆ ಸಾಕು ಚಿಟಿಕಿ ಉಪ್ಪ,
ಮಸಾಲಿ ಡಬ್ಬಿ ಕದ್ದಾರ ನಮ್ಮ ಅಡಿವೆಪ್ಪ!”

ಟಿಂಗ್!

“ಕೆಂಡದ ಮ್ಯಾಲೆ ಕಾಸೀನಿ ತುಪ್ಪ,
ಚಪ್ಪರದಾಗ ನಕ್ಕದ್ದು ಮರತಿಲ್ಲ ಅಡಿವೆಪ್ಪ!”

ಟಿಂಗ್! ಕಾಶವ್ವ ಓಣಿಯ ಹೆಂಗಸರನ್ನೆಲ್ಲ ಕರೆತಂದರು. ಇಪ್ಪತ್ತನೆಯದರ ಹೊತ್ತಿಗೆ ತುಪ್ಪ, ಉಪ್ಪು, ಸೊಪ್ಪು ಮುಗಿದವು. ಮೂವತ್ತರ ಹೊತ್ತಿಗೆ ಪ್ರಾಸವೇ ಮುಗಿಯಿತು, ದೂರುಗಳು ಮುಗಿಯಲಿಲ್ಲ. ಒಡೆದ ಕನ್ನಡಿ, ನುಂಗಿದ ಸೂಜಿ, ತವರಿಗೆ ಕಳಿಸದ ಪಂಚಮಿ, ಸ್ಫೋಟಿಸಿದ ಕುಕ್ಕರು, ಎಲ್ಲವೂ ಹೆಸರು ಸಮೇತ ಹೊರಬಂದವು. ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾವನವರೊಬ್ಬರೇ ನಗಲಿಲ್ಲ. ಕಟ್ಟೆಗೊರಗಿ ಒಂದಕ್ಷರವೂ ಬಿಡದೆ ಕೇಳುತ್ತಿದ್ದರು. ನಡುವೆ ಒಮ್ಮೆ, “ಪಂಚಮಿಗೆ ಕಳಿಸಬೇಕಿತ್ತು. ಅದು ನನ್ನ ತಪ್ಪು,” ಎಂದರು. ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾಲ್ಕು ಗಂಟೆಗೆ ಐವತ್ತೆರಡು. ನಾಲ್ಕೂವರೆಗೆ ಎಪ್ಪತ್ತೊಂದು. ನಾಲ್ಕು ಐವತ್ತಕ್ಕೆ ಎಂಬತ್ತಮೂರು!

ಅಲ್ಲಿಗೆ ಅತ್ತೆಯವರು ನಿಂತುಬಿಟ್ಟರು.

“ಅತ್ತ್ಯಾರ, ಒಂದs ಒಂದು ಉಳದೈತ್ರಿ! ತೇರು!”

“ಇನ್ನ ಏನೂ ಉಳದಿಲ್ಲವಾ,” ಎಂದರು ಅವರು, ತಮಗೇ ಆಶ್ಚರ್ಯವಾದಂತೆ. “ಬೈಗುಳ ಎಲ್ಲಾ ಮುಗದುವು.”

ನಾಲ್ಕು ಐವತ್ತೆರಡು. ಫೋನಿನಲ್ಲಿ ಹೊನಕೇರಿಯವರು, “ತಂಗೀ, ಪ್ಲೇಟ್ ಏರಸ್ಲೋ ಬ್ಯಾಡೋ?” ಎನ್ನುತ್ತಿದ್ದರು. ಕಾಶವ್ವ ಕೈ ಮುಗಿದುಕೊಂಡು ನಿಂತಿದ್ದರು. ನಾಲ್ಕು ಐವತ್ತಮೂರು. ಅತ್ತೆಯವರು ಮೊದಲ ಬಾರಿಗೆ ಗೋಡೆಯಿಂದ ಮುಖ ತಿರುಗಿಸಿ ಮಾವನವರನ್ನು ನೋಡಿದರು. ಬಹಳ ಮೆಲ್ಲಗೆ ಹೇಳಿದರು:

“ಕಣ್ಣು ಮಂಜಾದ್ರೂ ಎಳಿ ಆಗಿಲ್ಲ ತಪ್ಪ,
ದಿನಾ ಸೂಜಿಗೆ ದಾರ ಪೋಣಿಸ್ಯಾರ ನಮ್ಮ ಅಡಿವೆಪ್ಪ.”

ಟಿಂಗ್!

ಅತ್ತೆಯವರ ಅಪ್ಪಣೆಯಿಂದ ಕಂಪ್ಯೂಟರೂ ತೆರೆದುಕೊಂಡು, ಫೈಲುಗಳು ಐದಕ್ಕೆ ಎರಡು ನಿಮಿಷವಿರುವಾಗ ಪ್ರೆಸ್ಸು ಸೇರಿದವು. ಪುಸ್ತಕ ಹದಿನೈದು ದಿನದಲ್ಲಿ ಬಂತು. ಅತ್ತೆಯವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಎಂಬತ್ನಾಲ್ಕು ಪುಟಗಳನ್ನೂ ನೋಡಿ, ಮೂವತ್ತೇಳನೇ ಪುಟದಲ್ಲಿ ಒಂದು ಎಳೆ ಹೆಚ್ಚಾಗಿದೆಯೆಂದು ಹೊನಕೇರಿಯವರನ್ನು ಬೈದರು.

ಯಂತ್ರದ ಕೊನೆಯ ಕಾರ್ಯವನ್ನು ಹೇಳಬೇಕು. ಅಂದು ಸಂಜೆ ಅದು ಸ್ವತ್ತುಗಳ ಪಟ್ಟಿಯನ್ನು ಓದಿ ಹೇಳಿತು: “ಫ್ರಿಜ್ಜು ಒಂದು, ಮೋಟಾರು ಒಂದು, ಬಚ್ಚಲ ಚಿಲಕ ಒಂದು, ಅಡಿವೆಪ್ಪನವರ ಕಿವಿಯಂತ್ರ ಒಂದು. ಮಾಲೀಕರು ಶಿವಗಂಗವ್ವ. ವರ್ಗಾವಣೆ ಶಾಶ್ವತ.” ಇಷ್ಟು ಹೇಳಿ ಸುಟ್ಟ ಜೀರಿಗೆಯ ವಾಸನೆ ಬಿಟ್ಟು ಆರಿಹೋಯಿತು.

ಆ ಮಧ್ಯಾಹ್ನವೆಲ್ಲ ಮಾವನವರು ನನ್ನ ಕೂಗಿಗೆ ಓಗೊಡದಿದ್ದುದರ ಗುಟ್ಟು ಆಗ ತಿಳಿಯಿತು. ಅವರ ಕಿವಿಗೆ ಈಗ ಅತ್ತೆಯವರ ಧ್ವನಿಯೊಂದೇ ಬೀಳುತ್ತದೆ. ಉಳಿದ ಯಾರಿಗೂ ಅನುಮತಿ ಇಲ್ಲ. ಸರಿಪಡಿಸುವುದು ಅರ್ಧ ಗಂಟೆಯ ಕೆಲಸವೆಂದೂ, ಸ್ಕ್ರೂಡ್ರೈವರ್ ಕೊಟ್ಟರೆ ಈಗಲೇ ಮಾಡುತ್ತೇನೆಂದೂ ಮಾವನವರು ದಿನಾ ಹೇಳುತ್ತಾರೆ.

ಅತ್ತೆಯವರು ಇನ್ನೂ ಅಪ್ಪಣೆ ಕೊಟ್ಟಿಲ್ಲ.